ಹಿರಿಯರು ಬಂದರೆಂದು ನಿಂತ ಸೈಕಲ್ಲಿನಿಂದ ಇಳಿಯುವ ಬಗ್ಗೆ

ಗಿರಣಿ ಕಾರ್ಮಿಕರ ಉಸಿರು ಮಾಪನ ವಿಭಾಗ
ಪರೇಲ್, ಮುಂಬಯಿ – ೧೨

ಸಂಖ್ಯೆ: ಉಮಾವಿ/ಸೈಕಲ್/ಇಳಿತ/೧೭/೧೯೭೩
ದಿನಾಂಕ: ೬ ಫೆಬ್ರುವರಿ ೧೯೭೩

ವಿಷಯ: ಗರಿಷ್ಠ ಆಮ್ಲಜನಕ ಬಳಕೆಯ ಪರೀಕ್ಷೆಯ ನಡುವೆ ಗೌರವ ಸಲ್ಲಿಸುವುದನ್ನು ನಿಯಂತ್ರಿಸುವ ಬಗ್ಗೆ.

ಉಲ್ಲೇಖ: ಇದೇ ವಿಷಯದ ಮರಾಠಿ ಸುತ್ತೋಲೆ. (ಕನ್ನಡದ ಹಮಾಲರೆಲ್ಲರೂ ತಲೆಯಾಡಿಸುತ್ತ ಕೇಳಿರುತ್ತಾರೆ, ಯಾರೂ ಪಾಲಿಸಿರುವುದಿಲ್ಲ; ಆದ್ದರಿಂದ ಇದು ಕನ್ನಡದಲ್ಲಿ.)

ಕಾಮಾಲೆಯಿಂದ ಎದ್ದ ಹಮಾಲ ಶೆಟ್ಟೆಪ್ಪ ಇವರು ಮತ್ತೆ ಹತ್ತಿಯ ಬೇಲು, ಅಂದರೆ ಬಿಗಿದ ದೊಡ್ಡ ಮೂಟೆ, ಹೊರಬಲ್ಲರೇ ಎಂದು ತಿಳಿಯಲು ಅವರನ್ನು ಈ ವಿಭಾಗಕ್ಕೆ ಕಳುಹಿಸಲಾಗಿರುತ್ತದೆ. ಪರೀಕ್ಷೆ ಸರಳವಾದುದು. ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಕೊಳವೆ ಇಟ್ಟು, ನೆಲಕ್ಕೆ ಬಿಗಿದ ಸೈಕಲ್ಲನ್ನು ‘ಇನ್ನು ಆಗದು’ ಎನ್ನುವವರೆಗೆ ತುಳಿಯತಕ್ಕದ್ದು. ಬಿಟ್ಟ ಉಸಿರು ಚೀಲದಲ್ಲಿ ತುಂಬುತ್ತದೆ; ದೇಹ ಎಷ್ಟು ಆಮ್ಲಜನಕ ಬಳಸಿತೆಂದು ಅದರಿಂದ ಲೆಕ್ಕ ಹಾಕಲಾಗುತ್ತದೆ. ಆ ಲೆಕ್ಕದಲ್ಲಿ ನಿಗದಿತ ಗೆರೆ ದಾಟಿದವರಿಗೆ ಬೇಲು, ದಾಟದವರಿಗೆ ಗೇಟಿನಲ್ಲಿ ಕಾವಲಿನ ಸ್ಟೂಲು. ಸ್ಟೂಲಿನ ಹೆಸರೆತ್ತಿದರೆ ಶೆಟ್ಟೆಪ್ಪ ಇವರ ಕಣ್ಣು ತುಂಬುವುದನ್ನು ವಿಭಾಗವು ಗಮನಿಸಿರುತ್ತದೆ.

ಆದರೆ ಚೀಲ ಹಿಡಿಯುವ ಸಿಪಾಯಿ ಮುರಿಗೆಪ್ಪ ಇವರು ಸದರಿ ಶೆಟ್ಟೆಪ್ಪ ಇವರ ಹೆಂಡತಿಯ ತಂದೆಯಾಗಿರುತ್ತಾರೆ. ಮಾವ ಚೀಲದೊಂದಿಗೆ ಒಳಬಂದ ಕೂಡಲೇ ಅಳಿಯ ಸೈಕಲ್ಲಿನಿಂದ ಇಳಿದು, ಕೊಳವೆ ತೆಗೆದು, ಕೈಮುಗಿದು ನಿಲ್ಲುತ್ತಾರೆ. ಕಾರಣ ಕೇಳಲಾಗಿ, “ಊರಾಗ ಹಿರೇರು ಎದುರ ಬಂದ್ರ ಸೈಕಲ್ ಇಳೀತೀವ್ರಿ. ಇಲ್ಲಿ ಸೊಕ್ಕಿನಿಂದ ಮ್ಯಾಲ ಕುಂತು ಮಾವಾರ ಮಾರಿಗೆ ಉಸಿರು ಬಿಡ್ಲೇನ್ರಿ?” ಎಂದು ಹೇಳಿಕೆ ನೀಡಿರುತ್ತಾರೆ. ಸದರಿ ಸೈಕಲ್ಲು ಎಲ್ಲಿಗೂ ಹೋಗುವುದಿಲ್ಲವೆಂದು ತಿಳಿಹೇಳಲಾಗಿ, “ಹಂಗಾರ ಇಳ್ಯಾಕ ಇನ್ನೂ ಸಸಾರಾತಲ್ರಿ” ಎಂದಿರುತ್ತಾರೆ. ಚೀಲ ಹಿಡಿಯಲು ಬೇರೆ ಹುದ್ದೆ ಮಂಜೂರಾಗಿರುವುದಿಲ್ಲ.

ಆದ ಕಾರಣ ಈ ಮೂಲಕ ಕಟ್ಟುನಿಟ್ಟಾಗಿ ಸೂಚಿಸಲಾಗಿದೆ:

೧. ನೆಲಕ್ಕೆ ಬಿಗಿದ ಸೈಕಲ್ಲನ್ನು ಕುರ್ಚಿ ಎಂದು ಪರಿಗಣಿಸತಕ್ಕದ್ದು. (ಹಿರಿಯರು ಬಂದರೆ ಕುರ್ಚಿಯಿಂದಲೂ ಏಳುತ್ತಾರೆಂದು ತಿಳಿದುಬಂದ ಕಾರಣ ಈ ಕಲಮನ್ನು ಜಾರಿಗೆ ಮುನ್ನವೇ ರದ್ದುಪಡಿಸಲಾಗಿದೆ.)

೨. ಹಿರಿಯರು ಸೀಟಿಗಿಂತ ಎತ್ತರದಲ್ಲಿರತಕ್ಕದ್ದು. ಇದರನ್ವಯ ಮುರಿಗೆಪ್ಪ ಇವರನ್ನು ಚೀಲಸಹಿತ ಕಪಾಟಿನ ಮೇಲೆ ಕೂರಿಸಲಾಗಿತ್ತು. “ಮಾವಾರ, ಜ್ವಾಕಿ, ಬಿದ್ದೀರಿ” ಎನ್ನಲು ಅಳಿಯ ಪದೇ ಪದೇ ಕೊಳವೆ ತೆಗೆದ ಕಾರಣ ಕೆಳಗಿಳಿಸಲಾಗಿದೆ.

೩. ಮಾವ ಗೋಡೆಯತ್ತ ಮುಖ ಮಾಡಿ ನಿಂತಿದ್ದರೆ ಬಂದಿಲ್ಲವೆಂದು ಭಾವಿಸತಕ್ಕದ್ದು. ಕೆಮ್ಮಿದರೆ ಬಂದರೆಂದು ಭಾವಿಸಲಾಗುವುದು.

೪. ತುಳಿಯುತ್ತಿರುವವರನ್ನು “ಊಟಾತೇನ್ರಿ?” ಎಂದು ಕೇಳತಕ್ಕದ್ದಲ್ಲ. ಬಾಯಲ್ಲಿ ಕೊಳವೆಯಿದ್ದು ಉತ್ತರಿಸದಿದ್ದರೆ ಸಿಟ್ಟೆಂದು ತಿಳಿದು ಬೀಗರಿಗೆ ಪತ್ರ ಬರೆಯತಕ್ಕದ್ದಲ್ಲ.

೫. ಹಿರಿಯರೂ ಸೈಕಲ್ ಮೇಲಿದ್ದರೆ ಕಿರಿಯರು ಇಳಿಯಬೇಕಿಲ್ಲ, ಆದರೆ ಅವರನ್ನು ಹಿಂದೆ ಹಾಕುವಂತಿಲ್ಲ ಎಂದು ವಿಚಾರಣೆಯಿಂದ ತಿಳಿದುಬಂದಿದೆ. ಅದರಂತೆ ಪಕ್ಕದಲ್ಲಿ ಎರಡನೆಯ ಸೈಕಲ್ಲು ಬಿಗಿದು, ಮುರಿಗೆಪ್ಪ ಇವರನ್ನು ಹತ್ತಿಸಿ, ನಿನ್ನೆ ಪರೀಕ್ಷೆ ನಡೆಸಲಾಯಿತು. ಎರಡೂ ಚೀಲಗಳನ್ನು ಕೆಳಗೆ ಸಹಿ ಮಾಡಿದವರೇ ಹಿಡಿದಿರುತ್ತಾರೆ. (ಮೊದಲೇ ಹಿಡಿಯಬಹುದಿತ್ತಲ್ಲ ಎಂಬ ಪ್ರಶ್ನೆಯನ್ನು ಸ್ವೀಕರಿಸಲಾಗುವುದಿಲ್ಲ.) ಮಾವ ಮೆಲ್ಲಗೆ ತುಳಿದರೆ ಅಳಿಯ ಅದಕ್ಕಿಂತ ಮೆಲ್ಲಗೆ, ಗೆರೆ ದೂರವೇ ಉಳಿಯಿತು. ಇದನ್ನು ಕಂಡ ಮುರಿಗೆಪ್ಪ ಇವರು ಕೊಳವೆ ಕಿತ್ತು, “ನನ್ನ ಮಗಳ ಗಂಡ ಗೇಟಿನ್ಯಾಗ ಕುಂಡ್ರಾಂವಲ್ಲ! ಬಾ ನನ್ನ ಹಿಂದ!” ಎಂದು ಕೂಗಿ, ಕೊಳವೆಯನ್ನು ಮತ್ತೆ ಕಚ್ಚಿ, ನಿವೃತ್ತಿಗೆ ಹತ್ತಿರವಾದ ಕಾಲುಗಳಿಂದ ಕಿಟಕಿ ನಡುಗುವಂತೆ ತುಳಿದಿರುತ್ತಾರೆ. ಅಳಿಯ ಬೆನ್ನು ಬಿಟ್ಟಿರುವುದಿಲ್ಲ.

೬. ಫಲಿತಾಂಶ: ಮುರಿಗೆಪ್ಪ ಇವರು ಗೆರೆಗಿಂತ ಬಹಳ ಮೇಲೆ. ಶೆಟ್ಟೆಪ್ಪ ಇವರೂ ಗೆರೆಯ ಮೇಲೆ, ಆದರೆ ಮಾವನವರಿಗಿಂತ ಕೂದಲೆಳೆಯಷ್ಟು ಕೆಳಗೆ. ಬರುವ ಸೋಮವಾರದಿಂದ ಶೆಟ್ಟೆಪ್ಪ ಇವರನ್ನು ಬೇಲಿನ ಕೆಲಸಕ್ಕೆ ಹಚ್ಚಲು ಸಂತೋಷದಿಂದ ಆದೇಶಿಸಲಾಗಿದೆ. ಅವರ ಗರಿಷ್ಠ ಎಷ್ಟೆಂಬುದು ವಿಭಾಗಕ್ಕೆ ಇಂದಿಗೂ ತಿಳಿದಿರುವುದಿಲ್ಲ. ಮಾವನವರದು ಮಾತ್ರ ತಿಳಿದಿದೆ.

ಸಹಿ/-
(ಅಣವೀರಪ್ಪ)
ಉಸಿರು ಮಾಪನಾಧಿಕಾರಿ ಹಾಗೂ ಪ್ರಭಾರ ಚೀಲಧಾರಿ

ಪ್ರತಿಗಳು:
೧. ಮುಖ್ಯ ವೈದ್ಯರಿಗೆ, ಈಗಾಗಲೇ ತುಳಿಯಲಾದ ಎರಡನೆಯ ಸೈಕಲ್ಲಿನ ಮಂಜೂರಾತಿ ಕೋರಿ.
೨. ಗೋದಾಮಿನ ಮುಕಾದಮರಿಗೆ. ಮಾವ ಎದುರಾದರೆ ಶೆಟ್ಟೆಪ್ಪ ಇವರು ಬೇಲು ಇಳಿಸುವ ಸಂಭವವಿರುವುದರಿಂದ ಪಕ್ಕದಲ್ಲಿ ಯಾರೂ ನಿಲ್ಲದಂತೆ ನೋಡಿಕೊಳ್ಳಲು.
೩. ಶ್ರೀಮತಿ ರುದ್ರವ್ವ ಶೆಟ್ಟೆಪ್ಪ, ಜೋಗೇಶ್ವರಿ ಚಾಳು, ಇವರ ಮಾಹಿತಿಗಾಗಿ. ತವರಿನವರೇ ಗೆದ್ದರೆಂದು ಚಾಳಿನಲ್ಲಿ ಸಾರಬಾರದೆಂಬ ಕೋರಿಕೆಯೊಂದಿಗೆ.