ಪರ್ಷಿಯನ್ ಕವಿಯ ವೈರಾಗ್ಯ ಮತ್ತು ಒಂದು ರತ್ನಗಂಬಳಿ

“ಆಧುನಿಕ ಪರ್ಷಿಯನ್ ಕಾವ್ಯದ ಆ ಹಿರಿಯರು, ದೇಶ ಬಿಡುವಾಗ ಹೆಗಲ ಮೇಲೆ ಹೊತ್ತು ತಂದಿದ್ದ ತಮ್ಮ ಏಕೈಕ ರತ್ನಗಂಬಳಿಯನ್ನು, ಅದನ್ನು ಮೆಚ್ಚಿದ ಕನ್ನಡಿಗನೊಬ್ಬನಿಗೆ ಆ ಕ್ಷಣವೇ ದಾನ ಮಾಡಿ, ಬರಿನೆಲದ ಮೇಲೆ ಕುಳಿತು ನಕ್ಕರು.” ನ್ಯೂಜೆರ್ಸಿಯ ಕನ್ನಡಿಗರು ಈ ಪ್ರಸಂಗವನ್ನು ಹೀಗೆಯೇ ಹೇಳುತ್ತಾರೆ. ನಾನು ನಂಬುವುದಿಲ್ಲ. ಕಾಲೇಜಿನ ಮೆಟ್ಟಿಲು ಹತ್ತದವನಿಗೆ ಒಂದು ಅನುಕೂಲವಿದೆ: ಹೇಳಿದ್ದನ್ನು ಒಪ್ಪಿಕೊಂಡು ಅಂಕ ಪಡೆಯುವ ಅಭ್ಯಾಸ ಅವನಿಗೆ ಆಗಿರುವುದಿಲ್ಲ. ನಾನು ಓದಿದ್ದೆಲ್ಲ ಔಷಧಿ ಕಂಪನಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ, ಊಟದ ಬಿಡುವಿನಲ್ಲಿ. ನಿವೃತ್ತನಾದ ಮೇಲೆ ಪರ್ಷಿಯನ್ ಲಿಪಿಯನ್ನೂ ಕಲಿತೆ. ಈ ವಯಸ್ಸಿನಲ್ಲಿ ಗಂಡಸರಿಗೆ ಬರುವ ಇತರ ಕಾಯಿಲೆಗಳಿಗಿಂತ ಇದು ವಾಸಿ ಎಂದು ನನ್ನ ಹೆಂಡತಿ ಸುಶೀಲೆ ಸುಮ್ಮನಿದ್ದಾಳೆ.

ಆ ಕನ್ನಡಿಗ ನನ್ನ ಹಳೆಯ ಗೆಳೆಯ, ಹೃದಯದ ಡಾಕ್ಟರು ಪ್ರಭಾಕರ ರಾವ್. ನಮ್ಮ ಸಾಹಿತ್ಯ ಕೂಟ ಸೇರುವುದು ಬ್ರಿಡ್ಜ್‌ವಾಟರಿನ ಅವರ ಮನೆಯ ಬೇಸ್‌ಮೆಂಟಿನಲ್ಲಿ. ಕೂಟಕ್ಕೆ ಕರೆಯಲೆಂದು ಅವರು ಓಲ್ಡ್ ಬ್ರಿಡ್ಜಿನಲ್ಲಿದ್ದ ಆ ಕವಿಯ ಮನೆಗೆ ಹೋಗಿದ್ದರು. ಕವಿ ಬರಲಿಲ್ಲ, ಕಂಬಳಿ ಬಂತು. ಈಗ ಕವಿ ತೀರಿಕೊಂಡ ಮೇಲೆ, ಅದನ್ನು ಬೇಸ್‌ಮೆಂಟಿನ ಗೋಡೆಗೆ ತೂಗುಹಾಕಿ, ಕೆಳಗೆ ‘ವೈರಾಗ್ಯದ ಕಾಣಿಕೆ’ ಎಂಬ ಹಿತ್ತಾಳೆ ಫಲಕ ಹೊಡೆಸುವುದೆಂದು ತೀರ್ಮಾನವಾಗಿತ್ತು.

ನನ್ನ ಆಕ್ಷೇಪಣೆಗೆ ಮೊದಲ ಆಧಾರ ಕಾವ್ಯವೇ. ಗುಲಾಬಿ, ಬುಲ್‌ಬುಲ್, ದೀಪಕ್ಕೆ ಬೀಳುವ ಪತಂಗ ಇವನ್ನೆಲ್ಲ ಹೊರಗೆ ಕಳುಹಿಸಿ, ಚಹಾದ ಲೋಟವನ್ನೂ ರೊಟ್ಟಿಯಂಗಡಿಯ ಸಾಲನ್ನೂ ಒಳಗೆ ಕರೆದವರು ಈ ಹೊಸ ಕವಿಗಳು. ಸಾಲುಗಳೆಲ್ಲ ಒಂದೇ ಅಳತೆಯಲ್ಲಿರಬೇಕೆಂಬ ಕಟ್ಟನ್ನೇ ಮುರಿದವರು. ಅಂಥವರೊಬ್ಬರು ಒಬ್ಬ ಡಾಕ್ಟರ ಮುಂದೆ ಹಳೆಯ ಕಾಲದ ಫಕೀರನ ವೇಷ ಕಟ್ಟುವರೆ? ಎರಡನೆಯ ಆಧಾರ, ಇರಾನಿಗಳ ‘ತಾರೂಫ್’ ಎಂಬ ಉಪಚಾರ. ಅತಿಥಿ ಮೆಚ್ಚಿದ ವಸ್ತುವನ್ನು ‘ನಿಮ್ಮದೇ, ತೆಗೆದುಕೊಳ್ಳಿ’ ಎನ್ನುವುದು ಅಲ್ಲಿ ಮರ್ಯಾದೆ. ತೆಗೆದುಕೊಳ್ಳದಿರುವುದು ಅದಕ್ಕಿಂತ ದೊಡ್ಡ ಮರ್ಯಾದೆ. ಅತಿಥಿ ಚಪ್ಪಲಿ ಹಾಕಿಕೊಂಡ ಮೇಲೆ ನಾವು ‘ಊಟ ಮಾಡ್ಕೊಂಡೇ ಹೋಗಬಹುದಿತ್ತು’ ಎನ್ನುವುದಿಲ್ಲವೆ, ಹಾಗೆ. ಅದನ್ನು ಕೇಳಿ ಯಾರೂ ಎಲೆ ಮುಂದೆ ಬಂದು ಕೂರುವುದಿಲ್ಲ. ನಮ್ಮ ಡಾಕ್ಟರು ಕೂತಿದ್ದರು.

“ಏನ್ ಭಟ್ರೇ ನಿಮ್ದು? ಅವ್ರೇ ಕೈಯಾರೆ ತಂದು ಕಾರಿನ ಟ್ರಂಕಲ್ಲಿ ಇಟ್ರು. ನಾನು ಬೇಡ ಅಂದೆ,” ಎಂದರು ಡಾಕ್ಟರು.

“ಎಷ್ಟು ಸಲ ಅಂದ್ರಿ?”

“ಒಂದ್ಸಲ. ಬೇಡ ಅನ್ನೋಕೆ ಪ್ರಿಸ್ಕ್ರಿಪ್ಷನ್ ಬೇರೆ ಇದ್ಯಾ?”

“ಇದೆ. ಮೂರು ಸಲ ಅನ್ನೋವರೆಗೂ ಅದು ಬರೀ ಬಾಯ್ಮಾತು. ಪಾಪ, ಆ ಕವಿ ಹೆಂಡ್ತಿ ಈಗ ಬರೀ ನೆಲದ ಮೇಲಿದಾರೆ.”

“ಅಂದ್ರೆ ನಾನು ಕಂಬಳಿ ಕಿತ್ಕೊಂಡ್ ಬಂದವ್ನಾ?”

“ನಾನು ಹಾಗನ್ನಲ್ಲ. ಮುಂದೆ ಯಾರಾದ್ರೂ ಅಂತಾರೆ.”

ಡಾಕ್ಟರ ಮುಖ ಬಿಗಿಯಿತು. “ಸರಿ, ನೀವೇ ತಗೊಂಡ್ಹೋಗಿ ಕೊಡಿ. ಅವ್ರು ಇಸ್ಕೊಂಡ್ರೆ ಕೂಟದಲ್ಲಿ ಎಲ್ಲರ ಮುಂದೆ ತಪ್ಪಾಯ್ತು ಅಂತೀನಿ. ಇಸ್ಕೊಳ್ಳಲಿಲ್ಲ ಅಂದ್ರೆ, ಆ ಕವಿ ವಿಚಾರ ನೀವು ಕೂಟದಲ್ಲಿ ಮಾತಾಡೋ ಹಾಗಿಲ್ಲ.”

ಒಪ್ಪಿಕೊಂಡೆ. ಮಾತಾಡದೆ ಕೂಟದಲ್ಲಿ ಕೂರುವುದೆಂದರೆ ನನಗೆ ಉಪ್ಪಿಟ್ಟು ತಿನ್ನಲು ಮಾತ್ರ ಹೋದಂತೆ. ಆದರೆ ಸೋಲುವ ಸಂಭವವಿರಲಿಲ್ಲ. ಭಾನುವಾರ ಕಂಬಳಿಯನ್ನು ಸುರುಳಿ ಸುತ್ತಿ, ಕಾರಿನಲ್ಲಿ ಹಿಂದಿನಿಂದ ಮುಂದಿನವರೆಗೆ ಉದ್ದಕ್ಕೆ ಮಲಗಿಸಿಕೊಂಡು ಹೊರಟೆವು. ದಾರಿಯುದ್ದಕ್ಕೂ ಸುಶೀಲೆಗೂ ನನಗೂ ನಡುವೆ ಅದರ ತಲೆ ಇತ್ತು. “ಮಾತು ಕಮ್ಮಿಯಾಗಿ ಹಾಯಾಗಿದೆ,” ಎಂದಳು.

ಕವಿಯ ಪತ್ನಿ ಶಿರೀನ್ ಖಾನುಂ ಬಾಗಿಲು ತೆರೆದರು. ನನ್ನನ್ನು ನೋಡಿ ನಕ್ಕರು. ಕಂಬಳಿಯನ್ನು ನೋಡಿ ನಗು ನಿಲ್ಲಿಸಿದರು. ಚಹಾ ಕೊಟ್ಟು, “ಅದು ನಿಮ್ಮದೇ, ನೀವೇ ಇಟ್ಟುಕೊಳ್ಳಿ,” ಎಂದರು. ನಾನು ಬೇಡವೆಂದೆ. ಮತ್ತೆ ಹೇಳಿದರು, ಮತ್ತೆ ಬೇಡವೆಂದೆ. ಮೂರನೆಯ ಸಲವಂತೂ ಎದೆಯ ಮೇಲೆ ಕೈಯಿಟ್ಟು, ಪರ್ಷಿಯನ್ನಿನಲ್ಲಿಯೇ ನಿರಾಕರಿಸಿದೆ. ನನ್ನ ವಾದ ಅಕ್ಷರಶಃ ರುಜುವಾಗುತ್ತಿತ್ತು.

ಆಕೆ ಲೋಟ ಕೆಳಗಿಟ್ಟರು. “ಮಿಸ್ಟರ್ ಭಟ್, ನೋ ತಾರೂಫ್. ಪ್ಲೀಸ್, ಟೇಕ್ ಇಟ್ ಅವೇ.”

ಆಮೇಲೆ ವಿವರಿಸಿದರು. ಅದನ್ನು ಕೊಂಡದ್ದು ಇಲ್ಲಿಯೇ, ಮುಚ್ಚುತ್ತಿದ್ದ ಅಂಗಡಿಯೊಂದರಲ್ಲಿ. ಅಪಾರ್ಟ್‌ಮೆಂಟಿಗೆ ದೊಡ್ಡದಾಗಿ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಕವಿ ಅದರ ಅಂಚಿಗೆ ಎಡವಿ ಮಂಡಿ ಊದಿಸಿಕೊಂಡಿದ್ದರು. ಬಂದವರಿಗೆಲ್ಲ ತೆಗೆದುಕೊಂಡು ಹೋಗಿ ಎಂದು ಕೈ ಮುಗಿದರೂ, ಬರುತ್ತಿದ್ದವರೆಲ್ಲ ಇರಾನಿಗಳು, ಮರ್ಯಾದಸ್ಥರು, ಎಷ್ಟು ಹೇಳಿದರೂ ಒಲ್ಲೆವೆಂದವರು. “ನಿಮ್ಮ ಡಾಕ್ಟರೊಬ್ಬರೇ ಒಂದು ಸಲ ಬೇಡ ಎಂದು ನಿಲ್ಲಿಸಿದರು. ಅಂದು ಇವರು ನೆಲದ ಮೇಲೆ ಕುಳಿತು ಎಷ್ಟು ನಕ್ಕರು ಗೊತ್ತೆ!”

ಹೀಗಾಗಿ ಆ ನಗುವೊಂದು ಮಾತ್ರ ನಿಜವೆಂದು ನಾನು ಒಪ್ಪಬೇಕಾಯಿತು. ಕಂಬಳಿ ಬ್ರಿಡ್ಜ್‌ವಾಟರಿಗೆ ಹಿಂತಿರುಗಿ ಗೋಡೆ ಏರಿತು. ಡಾಕ್ಟರು ಈಗ ಕಥೆಗೆ ಎರಡನೆಯ ಭಾಗ ಸೇರಿಸಿದ್ದಾರೆ: “ಭಟ್ರು ಸ್ವತಃ ತಗೊಂಡ್ಹೋಗಿ ಕೊಟ್ರೂ ಆಯಮ್ಮ ಮುಟ್ಟಲಿಲ್ಲ. ಗಂಡನಷ್ಟೇ ವಿರಕ್ತರು.” ಎಲ್ಲರೂ ನನ್ನತ್ತ ತಿರುಗುತ್ತಾರೆ. ನಾನು ಉಪ್ಪಿಟ್ಟು ತಿನ್ನುತ್ತೇನೆ.

ಬರೆಯಬಾರದೆಂದು ಮಾತಾಗಿರಲಿಲ್ಲವಾದ್ದರಿಂದ ಇಷ್ಟು ಬರೆದಿದ್ದೇನೆ. ನನ್ನನ್ನೂ ನಂಬಬೇಕಾಗಿಲ್ಲ. ಕೂಟಕ್ಕೆ ಹೋದವರು ಆ ಕಂಬಳಿಯ ಎಡಗಡೆಯ ಕೆಳಮೂಲೆಯನ್ನು ಸ್ವಲ್ಪ ಎತ್ತಿ, ಗೋಡೆಯ ಕಡೆಗಿರುವ ಬಿಳಿಯ ಚೀಟಿಯನ್ನು ಓದಬಹುದು. ನಾರು ಪಾಲಿಯೆಸ್ಟರು, ಹೇಗೆ ಒಗೆಯಬೇಕೆಂಬುದು ಚಿತ್ರಸಹಿತ ಇದೆ, ಮತ್ತು ತಯಾರಾದದ್ದು ಅಮೆರಿಕದಲ್ಲಿ.