ಅತ್ತೆಯ ಅನುಮಾನಕ್ಕೆ ಸಿಕ್ಕ ನಾಲ್ಕು ಆ್ಯಪ್‌ಗಳು

ನಮ್ಮ ಸೋದರತ್ತೆ ಯಾರನ್ನೂ ನಂಬುವುದಿಲ್ಲ ಎಂದು ಊರೆಲ್ಲ ಹೇಳುತ್ತದೆ. ಅದು ಅನ್ಯಾಯ! ಮೋಸ ಮಾಡುವವರನ್ನು ಅವಳು ಪೂರ್ತಿ ನಂಬುತ್ತಾಳೆ. ತರಕಾರಿಯವನು ತೂಕದಲ್ಲಿ ಒಂದಿಷ್ಟು ಹೊಡೆದರೆ ಅವನೂ ಬದುಕಬೇಕಲ್ಲ ಎನ್ನುತ್ತಾಳೆ. ಅದೇ ಮನುಷ್ಯ ಎರಡು ಬದನೆಕಾಯಿ ಕೊಸರು ಹಾಕಿದನೋ, ಮನೆಗೆ ಬಂದು ಆ ಎರಡನ್ನೂ ಸೀಳಿ ಒಳಗೆ ಏನಿದೆ ಎಂದು ನೋಡುತ್ತಾಳೆ. ಅಕ್ಕಿ ಡಬ್ಬಕ್ಕೂ ದಿಂಡುಕ್ಕಲ್ ಬೀಗ ಹಾಕಿ, ಬೀಗ ಮಾಡಿದವನ ಹತ್ತಿರ ಇನ್ನೊಂದು ಬೀಗದಕೈ ಇರಬಹುದೆಂದು ಅದರ ಮೇಲೆ ರುಬ್ಬುಗುಂಡು ಇಡುವವಳು.

ಇಂಥವಳ ಮುಂದೆ ಚಿತ್ರ ಬರೆಯುವ ಪುಕ್ಕಟೆ ಆ್ಯಪ್‌ಗಳನ್ನು ಇಟ್ಟು, ಯಾವುದು ಒಳ್ಳೆಯದು ಹೇಳು ಎಂದವಳು ನಾನು. ಅವಳೇ ಕೇಳಿದಳೆಂದು ನನ್ನ ನೆನಪು, ನಾನೇ ತಲೆಗೆ ಕಟ್ಟಿದೆನೆಂದು ಅವಳ ವಾದ. ಎರಡೂ ಸುಳ್ಳಿರಬಹುದು.

ಕಾರಣ ಮಾತ್ರ ನಿಜ. ತಮಿಳು ಸೀಮೆಯ ನಮ್ಮೂರು ಹನುಮಂತನಪಟ್ಟಿಯಲ್ಲಿ ಕನ್ನಡ ಮಾತಾಡುವ ನಮ್ಮ ಕುಲದ ಮನೆಗಳಿಗೆಲ್ಲ ಸೇರಿದ ಒಂದು ಎತ್ತು ಇದೆ. ಅದನ್ನು ಯಾರೂ ಉಳುಮೆಗೆ ಕಟ್ಟುವುದಿಲ್ಲ, ಮಾರುವುದಿಲ್ಲ. ಪೊಂಗಲ್ ಮಾರನೆಯ ಬೆಳಿಗ್ಗೆ ಅದರ ದೊಡ್ಡಿಯ ಬಾಗಿಲಿಗೆ ಕೋಲಂ ಹಾಕುವುದು ನಮ್ಮ ಮನೆಯ ಪಾಲಿನ ಕೆಲಸ. ಚುಕ್ಕಿಗಳನ್ನು ಸುತ್ತಿ ಬರುವ ಒಂದೇ ಗೆರೆ. ಕೈ ಎತ್ತುವಂತಿಲ್ಲ, ಅಳಿಸುವಂತಿಲ್ಲ. ಗೆರೆ ಹೋಗಿ ಶುರುವಾದ ಕಡೆಗೇ ಸೇರಿದ ಮೇಲೆ ಎತ್ತು ಹೊರಗೆ ಬರಬೇಕು. ನನ್ನ ಅಜ್ಜಿಯ ನಂತರ ಅದನ್ನು ಹಾಕುತ್ತಿರುವವಳು ಅತ್ತೆ. ಒಂದು ವರ್ಷ ಗೆರೆ ಮೂರು ಕಡೆ ಸೊಟ್ಟಗಾಯಿತು. ಕುಲದ ಹಿರಿಯರೊಬ್ಬರು, ಮುಂದಿನ ಸಲ ಪೇಂಟಿನಲ್ಲೇ ಬರೆಸಿಬಿಟ್ಟರೆ ಯಾರಿಗೂ ಕಷ್ಟವಿಲ್ಲ ಎಂದುಬಿಟ್ಟರು. ಅತ್ತೆ ರೇಷನ್ ಅಕ್ಕಿಯ ಹಿಟ್ಟಿನ ಮೇಲೆ ತಪ್ಪು ಹೊರಿಸಿದಳು. ಆದರೂ ಬೆನ್ನು ಬಗ್ಗಿಸದೆ ಅಭ್ಯಾಸ ಮಾಡಲು ನನ್ನ ಟ್ಯಾಬೂ ಅದರ ಪೆನ್ನೂ ಬೇಕೆಂದಳು. ಮುಂದಿನ ಪೊಂಗಲ್‌ಗೆ ಗೆರೆ ಸರಿ ಬರದಿದ್ದರೆ ಬಾಗಿಲಿಗೆ ಬರುವುದು ಪೇಂಟಿನ ಡಬ್ಬ!

ಮೊದಲನೆಯ ಆ್ಯಪ್ ತೆರೆದ ಕೂಡಲೇ ಮೈಕ್ ಬಳಸಲು ಅನುಮತಿ ಕೇಳಿತು. ಗೆರೆ ಎಳೆಯಲಿಕ್ಕೆ ಇದಕ್ಕೆ ಕಿವಿ ಏಕೆ ಎಂದಳು ಅತ್ತೆ. ನಿಮಗಾದರೂ ಗೊತ್ತೇ? ಅದು ಅಲ್ಲಿಗೇ ಮುಗಿಯಿತು.

ಎರಡನೆಯದರಲ್ಲಿ ಪದರಗಳಿದ್ದವು. ಚುಕ್ಕಿ ಒಂದು ಪದರದಲ್ಲಿ, ಗೆರೆ ಇನ್ನೊಂದರಲ್ಲಿ ಇಡಬಹುದೆಂದು ನಾನು ದೊಡ್ಡ ಪಂಡಿತಳಂತೆ ವಿವರಿಸಿದೆ. ಅವಳ ಹೆಬ್ಬೆರಳು ಎಲ್ಲೋ ತಾಗಿತು, ಚುಕ್ಕಿಗಳೆಲ್ಲ ಮಾಯ. ಕೆಳಗಡೆ ಅಡಗಿಸಿ ಇಡುತ್ತದೆ ಎಂದರೆ ಇನ್ನೂ ಏನೇನು ಅಡಗಿಸಿದೆಯೋ ಎಂದು ಟ್ಯಾಬನ್ನು ಮಗುಚಿ ಹಿಂಭಾಗ ನೋಡಿದಳು. ಅದೇ ಹೊತ್ತಿಗೆ ಕೂದಲೆಣ್ಣೆಯ ಜಾಹೀರಾತು ಬಂತು. ಅತ್ತೆಯ ಕೂದಲು ಉದುರುತ್ತಿದ್ದದ್ದು ನಿಜ. ಆ ಆ್ಯಪ್‌ನ ಆಯುಷ್ಯವೂ ತೀರಿತು.

ಮೂರನೆಯದು ಮಹಾ ಜಾಣ. ಒಂದು ಎಸಳು ಬರೆದರೆ ಸುತ್ತಲೂ ಏಳು ತಾವೇ ಅರಳುತ್ತಿದ್ದವು. ಇದನ್ನು ನೋಡಿಯಾದರೂ ಬೆರಗಾಗುತ್ತಾಳೆಂದು ಕಾದೆ. ಅತ್ತೆ ಪೆನ್ನು ಹಿಂದಕ್ಕೆ ಎಳೆದುಕೊಂಡಳು.

"ಒಂದು ನಾ ಹಾಕಿದೆ. ಮಿಕ್ಕ ಏಳು ಹಾಕಿದೋಳು ಯಾರು?"

"ಯಾರೂ ಇಲ್ಲತ್ತೆ, ಅದೇ ಹಾಕುತ್ತೆ. ಪುಕ್ಕಟೆ."

"ಪುಕ್ಕಟೆ ಗ್ರೈಂಡರ್ ಕೊಟ್ಟೋರು ಓಟು ಕೇಳಿದ್ರು. ಅದಾದ್ರೂ ಗೊತ್ತಿತ್ತು. ಇವ ಇನ್ನೂ ಏನೂ ಕೇಳ್ಲಿಲ್ವಲ್ಲ, ಅದೇ ಭಯ."

ನಾಲ್ಕನೆಯದು ಸಾಧು. ಜಾಹೀರಾತಿಲ್ಲ, ಕಿವಿಯಿಲ್ಲ. ಆದರೆ ಹಿಂದಿನ ಎರಡಕ್ಕೂ ಇದ್ದ ರೋಗ ಇದಕ್ಕೂ ಇತ್ತು: ಗೆರೆ ನಡುಗುತ್ತಿತ್ತು. ಅತ್ತೆ ಗಾಜು ಜಾರುತ್ತದೆ ಎಂದಳು. ಪೆನ್ನು ಹಗುರ ಎಂದಳು. ಕಾಸು ಕೊಟ್ಟು ತಂದಿದ್ದರೆ ಹೀಗೆ ನಡುಗುತ್ತಿತ್ತೇ ಎಂದು ನನ್ನನ್ನೇ ಗದರಿದಳು. ನಾನೂ ಸೇರಿಕೊಂಡು ಗಾಜು ಒರೆಸಿದೆ, ಪೆನ್ನಿನ ತುದಿ ಬದಲಿಸಿದೆ. ಆಮೇಲೆ ನಾನು ಅದೇ ಕುರ್ಚಿಯಲ್ಲಿ ಕೂತು ಒಂದು ಗೆರೆ ಎಳೆದೆ. ಅದು ನಡುಗಲಿಲ್ಲ.

ಅತ್ತೆ ಕೆಲವು ತಿಂಗಳಿಂದ ಕಾಪಿ ಅರ್ಧ ಲೋಟ ಸಾಕು ಎನ್ನುತ್ತಿದ್ದಳು. ಸಕ್ಕರೆ ಕಾಯಿಲೆಗೆ ಹೆದರಿ ಎಂದು ನಾನು ನಂಬಿದ್ದೆ, ತುಂಬಿದ ಲೋಟ ತುಳುಕುತ್ತದೆಂದಲ್ಲ. ಪ್ರಪಂಚವನ್ನೆಲ್ಲ ಅನುಮಾನಿಸಿದವಳ ಮನೆಯಲ್ಲಿ ನಾನೊಬ್ಬಳು ಅಷ್ಟು ಸಲೀಸಾಗಿ ನಂಬಿಕೊಂಡು ಕೂತಿದ್ದೆ.

ಆ ಆ್ಯಪ್‌ನಲ್ಲಿ ಕೈ ಅಲುಗಿದರೂ ಗೆರೆಯನ್ನು ನುಣುಪು ಮಾಡುವ ಸೌಲಭ್ಯವೊಂದಿತ್ತು. ಅವಳು ಹಿತ್ತಲಿಗೆ ಹೋದಾಗ ಅದನ್ನು ಕೊನೆಯವರೆಗೂ ಏರಿಸಿ ಇಟ್ಟೆ. ಬಂದು ಬರೆದಳು. ಗೆರೆ ಗದ್ದೆಯ ಕಾಲುವೆಯ ನೀರಿನ ಹಾಗೆ ಚುಕ್ಕಿ ಸುತ್ತಿ ಹೊರಟು ಶುರುವಿಗೆ ಬಂದು ಸೇರಿತು. ಅತ್ತೆ ಅದನ್ನೇ ನೋಡುತ್ತ ಕೂತಳು.

"ಇದು ನನ್ನ ಕೈಯಲ್ಲ. ನೀ ಏನೋ ಮಾಡಿದ್ದೀ."

ಒಪ್ಪಿಕೊಂಡೆ. ಈಗ ಟ್ಯಾಬೇ ಕಿಟಕಿಯಿಂದ ಆಚೆ ಹೋಗುತ್ತದೆ ಎಂದುಕೊಂಡೆ. ಅವಳು ಬಲಗೈಯನ್ನು ಸೀರೆಯ ಮಡಿಲಲ್ಲಿಟ್ಟು, ಎಡಗೈಯಿಂದ ಅದನ್ನು ಮುಚ್ಚಿದಳು. ಆಮೇಲೆ ಮುದ್ದಿನಿಂದ ಕಣ್ಣು ಎಂದು ಕರೆದು ಮೆಲ್ಲಗೆ ಕೇಳಿದಳು.

"ಇದ ನೆಲಕ್ಕೂ ಹಾಕಕ್ಕೆ ಆಗುತ್ತಾ, ಕಣ್ಣು?"

ಆಗುತ್ತೆ ಎಂದೆ. ಹೇಗೆ ಎಂದು ಅವಳು ಕೇಳಲಿಲ್ಲ.

ಪೊಂಗಲ್ ಮಾರನೆಯ ಬೆಳಿಗ್ಗೆ ಹಿಟ್ಟಿನ ಬಟ್ಟಲು ಹಿಡಿಯುವ ನೆಪದಲ್ಲಿ ನಾನು ದೊಡ್ಡಿಯ ಬಾಗಿಲಲ್ಲಿ ಅವಳ ಪಕ್ಕ ಕುಕ್ಕುರುಗಾಲಲ್ಲಿ ಕೂತೆ. ಅವಳ ಮಣಿಕಟ್ಟಿನ ಕೆಳಗೆ ನನ್ನ ಅಂಗೈ ಇಟ್ಟೆ. ಸುತ್ತ ನಿಂತವರು ನೋಡಿದರೇ? ನೋಡಿಯೂ ಸುಮ್ಮನಿದ್ದರೇ? ಗೆರೆ ನೇರವಾಗಿ ಬಂತೆಂದು ನನ್ನ ನೆನಪು, ಆದರೆ ನೆನಪಿಗೂ ಗೆರೆ ನುಣುಪು ಮಾಡುವ ಚಟವಿದೆ. ಅದನ್ನು ನಾನು ನಂಬುವುದಿಲ್ಲ. ಖಚಿತವಾಗಿ ಗೊತ್ತಿರುವುದು ಭಾರ ಮಾತ್ರ. ಮೊದಲ ಸುತ್ತಿನಲ್ಲಿ ಅವಳ ಕೈ ನನ್ನ ಅಂಗೈಗೆ ತಾಗಿಯೂ ತಾಗದ ಹಾಗೆ ಬಿಗಿಯಾಗಿತ್ತು. ಕೊನೆಯ ಚುಕ್ಕಿ ಸುತ್ತುವ ಹೊತ್ತಿಗೆ ಅದರ ಭಾರವನ್ನೆಲ್ಲ ಅವಳು ನನ್ನ ಮೇಲೆ ಬಿಟ್ಟಿದ್ದಳು.