ರವಿವಾರದ ಹಾಜರಿಯಲ್ಲಿ ತಾವು ಓಗೊಟ್ಟ ಬಗ್ಗೆ

ಸಿದ್ದಾಪುರದ ನಮ್ಮ ಓಣಿಯ ಹಲಸಿನ ಮರದಲ್ಲಿ ಸಪರಿವಾರ ವಾಸವಾಗಿರುವ ಕರಿಮೂತಿಯ ಮುಸುವ ಮಂಗಗಳ ಯಜಮಾನರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಮಡದಿಯರೂ ಮಕ್ಕಳೂ ಕ್ಷೇಮದಿಂದಿದ್ದೀರಿ ಎಂದು ಬಲ್ಲೆ. ಈ ದಿನ ಬೆಳಿಗ್ಗೆ ನಮ್ಮ ಹೆಂಚಿನ ಮೇಲೆ ತಾವೆಲ್ಲ ಓಡಿದ ಸದ್ದಿನಿಂದ, ಯಾರ ಆರೋಗ್ಯದಲ್ಲೂ ಏನೂ ಕೊರತೆಯಿಲ್ಲವೆಂಬುದು ಖಾತ್ರಿಯಾಯಿತು. ನಾನು ಹತ್ತನೇ ತರಗತಿಯವರೆಗೆ ಓದಿದವಳು, ದೊಡ್ಡವರಿಗೆ ಪತ್ರ ಬರೆದು ರೂಢಿಯಿಲ್ಲ. ದಿನಾ ಮಲಗುವ ಮೊದಲು ಡೈರಿಯಲ್ಲಿ ನಾಲ್ಕು ಸಾಲು ಗೀಚುವ ಚಟವೊಂದಿದೆ, ಅಷ್ಟೇ. ಆದರೆ ಕಳೆದ ರವಿವಾರದ ಸಂಗತಿ ನಾಲ್ಕು ಸಾಲಿಗೆ ಬಗ್ಗಲಿಲ್ಲ. ಇದನ್ನು ತಮಗೆ ಖಾಸಗಿಯಾಗಿಯೇ ತಿಳಿಸಬಹುದಿತ್ತು. ಆದರೆ ತಾವು ಮಾಡಿದ್ದು ಖಾಸಗಿಯಾಗಿ ಮಾಡಿದ್ದಲ್ಲ, ಮೂರು ತಾಲೂಕು ಕೇಳುವಂತೆ ಮಾಡಿದ್ದು. ಹಾಗಾಗಿ ದೂರೂ ಬಹಿರಂಗವಾಗಿಯೇ ಇರಲಿ.

ಮೊದಲು ನನ್ನ ಪರಿಚಯ. ತಾವು ಮರದ ಮೇಲಿಂದ ನಮ್ಮ ಜಗಲಿಯತ್ತ ನೋಡಿದಾಗ ಹೊಲಿಗೆ ಮಷಿನ್ನಿನ ಹಿಂದೆ ಕಾಣುವ, ತಾವು ಹಲ್ಲು ಕಿರಿದರೂ ಕುಳಿತಲ್ಲಿಂದ ಏಳದ ಹೆಂಗಸು ನಾನೇ. ಏಳದಿರುವುದು ಧೈರ್ಯದಿಂದಲೂ ಅಲ್ಲ, ತಮ್ಮ ಮೇಲಿನ ಅಗೌರವದಿಂದಲೂ ಅಲ್ಲ. ಸಣ್ಣವಳಿದ್ದಾಗ ಬಂದ ಪೋಲಿಯೋ ನನ್ನ ಎಡಗಾಲನ್ನು ಪೂರ್ತಿಯಾಗಿ, ಬಲಗಾಲನ್ನು ಅರ್ಧದಷ್ಟು ಕೆಲಸದಿಂದ ಬಿಡಿಸಿತು. ಬಗಲುಗೋಲು ಹಿಡಿದರೆ ಜಗಲಿಯಿಂದ ಅಂಗಳದ ಗೇಟಿನವರೆಗೆ ನನ್ನ ರಾಜ್ಯ. ಅದರಾಚೆಗೆ ಆಟೋದವರ ರಾಜ್ಯ.

ಆದರೂ ನಾನು ಪ್ರತಿ ರವಿವಾರ ಬೆಳಿಗ್ಗೆ ಕುರ್ಚಿ ಬಿಡದೆ ಶಿರಸಿ, ಯಲ್ಲಾಪುರ, ಬನವಾಸಿಗಳಿಗೆ ಹೋಗಿ ಬರುತ್ತೇನೆ. ನಾನು ನಮ್ಮ ಸೀಮೆಯ ಹವ್ಯಾಸಿ ರೇಡಿಯೋ ಬಳಗದ ಸದಸ್ಯೆ. ಸರ್ಕಾರದ ಪರೀಕ್ಷೆ ಬರೆದು, ಪರವಾನಗಿ ಪಡೆದು, ಮನೆಯಲ್ಲೊಂದು ಯಂತ್ರವನ್ನೂ ಹೊರಗೊಂದು ತಂತಿಯನ್ನೂ ಇಟ್ಟುಕೊಂಡು ಗಾಳಿಯಲ್ಲಿ ಮಾತಾಡಿಕೊಳ್ಳುವವರು ನಾವು. ಒಬ್ಬೊಬ್ಬರಿಗೂ ಸರ್ಕಾರ ಕೊಟ್ಟ ಒಂದು ಕಾಲ್‌ಸೈನ್, ಅಂದರೆ ಗಾಳಿಯಲ್ಲಿ ಕರೆಯುವ ಗುರುತಿನ ಹೆಸರು, ಇದೆ. ಅದನ್ನು ಕರೆದರೆ ಅದರ ವಾರಸುದಾರರು ಮಾತ್ರ ಓಗೊಡಬೇಕು, ಬೇರೆಯವರು ಓಗೊಡಕೂಡದು. ಈ ಕೊನೆಯ ಮಾತನ್ನು ತಾವು ದಯವಿಟ್ಟು ನೆನಪಿನಲ್ಲಿಡಬೇಕು.

ಬಳಗದ ಕೋಣೆ ಇರುವುದು ಶಿರಸಿಯಲ್ಲಿ, ಒಂದು ಪೇಂಟಿನ ಅಂಗಡಿಯ ಮಾಳಿಗೆಯ ಮೇಲಿನ ಮಾಳಿಗೆಯಲ್ಲಿ. ರೇಡಿಯೋದವರಿಗೆ ಎತ್ತರವೆಂದರೆ ದೇವರಿಗಿಂತ ಹೆಚ್ಚು. ಅಲ್ಲಿಗೆ ಹೋಗುವ ಮೆಟ್ಟಿಲು ಏಣಿಯ ಖಾಸಾ ತಮ್ಮ. ಆದ್ದರಿಂದ ವಾರ್ಷಿಕ ಸಭೆಯ ದಿನ ನಾನು ಕೆಳಗೆ ರಸ್ತೆಯಲ್ಲಿ ಆಟೋದೊಳಗೆ ಕುಳಿತು, ಅಂಗೈಯಗಲದ ಸೆಟ್ ಹಿಡಿದು, ಮೇಲಿನ ಚರ್ಚೆಯಲ್ಲಿ ಭಾಗವಹಿಸುತ್ತೇನೆ, ಠರಾವಿಗೆ ಅನುಮೋದನೆ ಕೊಡುತ್ತೇನೆ, ಬೇಕಾದರೆ ಜಗಳವನ್ನೂ ಆಡುತ್ತೇನೆ. ನನ್ನ ಪಾಲಿನ ಚಹಾ ಮತ್ತು ಮಂಡಕ್ಕಿ ಕಿಟಕಿಯಿಂದ ಬಕೆಟ್ಟಿನಲ್ಲಿ ಇಳಿಯುತ್ತವೆ. ಒಮ್ಮೆ ಚಹಾ ಇಳಿಯುವಾಗ ಅಂಗಡಿಗೆ ಬಂದ ಗಿರಾಕಿಯ ತಲೆಯ ಮೇಲೆ ಚೆಲ್ಲಿದ್ದನ್ನು ಸಭೆಯ ನಡಾವಳಿಯಲ್ಲಿ ಬರೆಸಿದವಳು ನಾನೇ. ಅದೇ ಕೋಣೆಗೆ ತಾವು ಮೆಟ್ಟಿಲಿನ ಹಂಗೇ ಇಲ್ಲದೆ, ನೀರಿನ ಪೈಪು ಹಿಡಿದು ಹೋಗಿಬರಬಲ್ಲಿರಿ. ನೋಡಿ, ಪರವಾನಗಿ ನನ್ನ ಹತ್ತಿರ, ಎತ್ತರ ತಮ್ಮ ಹತ್ತಿರ. ಹಂಚಿದವರು ಯಾರೋ ಗಡಿಬಿಡಿಯಲ್ಲಿದ್ದರು.

ಈ ಹುಚ್ಚನ್ನು ನನಗೆ ಹಿಡಿಸಿದವನು ನಮ್ಮಣ್ಣ ಮನೋಹರ. ಪೇಟೆಯಲ್ಲಿ ಮಿಕ್ಸರ್, ಫ್ಯಾನು ರಿಪೇರಿ ಮಾಡಿಕೊಂಡಿದ್ದ. ರೇಡಿಯೋದಲ್ಲಿ ಒಬ್ಬರ ಮಾತು ಮುಗಿದು ಇನ್ನೊಬ್ಬರ ಸರದಿ ಬಂತು ಎನ್ನಲು 'ಓವರ್' ಅನ್ನುವುದು ವಾಡಿಕೆ; ಅಣ್ಣ ಅದನ್ನು ಅಡುಗೆಮನೆಗೂ ತಂದಿದ್ದ. 'ಮಜ್ಜಿಗೆ ಸಾಕೇ, ಓವರ್' ಎಂದು ತಟ್ಟೆಯ ಮುಂದಿನಿಂದ ಏಳುತ್ತಿದ್ದ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಎದೆನೋವು ಎಂದವನು ಆಸ್ಪತ್ರೆ ಮುಟ್ಟಲಿಲ್ಲ. ಈಗ ಮನೆಯಲ್ಲಿ ಓವರ್ ಅನ್ನುವವರಿಲ್ಲ. ಹಾಗಾಗಿ ಯಾವ ಮಾತು ಎಲ್ಲಿ ಮುಗಿಯಿತೆಂದು ನನಗೆ ಗೊತ್ತಾಗುವುದಿಲ್ಲ.

ಪ್ರತಿ ರವಿವಾರ ನಮ್ಮ ಬಳಗದ ಹಾಜರಿ ನಡೆಯುತ್ತದೆ. ಒಬ್ಬರು ಎಲ್ಲರ ಕಾಲ್‌ಸೈನ್ ಕರೆಯಬೇಕು, ಉಳಿದವರು ಓಗೊಡಬೇಕು. ಕರೆಯುವ ಕೆಲಸ ಅಣ್ಣನದಿತ್ತು, ಅವನ ನಂತರ ನಾನು ಕೇಳಿ ಪಡೆದುಕೊಂಡೆ. ನಮ್ಮಲ್ಲೊಂದು ಪದ್ಧತಿಯಿದೆ: ತೀರಿಕೊಂಡವರ ಹೆಸರನ್ನು ವರ್ಷ ತುಂಬುವವರೆಗೆ ಹಾಜರಿಯಿಂದ ತೆಗೆಯುವುದಿಲ್ಲ. ಎಲ್ಲರದೂ ಮುಗಿದ ಮೇಲೆ ಅವರ ಕಾಲ್‌ಸೈನನ್ನೂ ಕರೆದು, ಮೈಕಿನ ಗುಂಡಿ ಬಿಟ್ಟು, ಬರೀ ಸೊಂಯ್ ಎನ್ನುವ ಗಾಳಿಯನ್ನು ಎಲ್ಲರೂ ಸ್ವಲ್ಪ ಹೊತ್ತು ಕೇಳುತ್ತೇವೆ. ವರ್ಷ ತುಂಬಿದ ರವಿವಾರ ಕೊನೆಯ ಸಲ ಕರೆಯುವುದು. ಆಮೇಲಿಲ್ಲ. ಅಣ್ಣನ ಹೆಸರು ಹಾಗೆ ಕೊನೆಯ ಸಲ ಕರೆಯಬೇಕಾಗಿದ್ದು ಕಳೆದ ರವಿವಾರ, ಕರೆಯಬೇಕಾದವಳು ನಾನು. ಬೇರೆ ಯಾರ ಬಾಯಿಂದಲೂ ಅದು ಆಗಬಾರದೆಂದು ಇಡೀ ವರ್ಷ, ಜ್ವರ ಬಂದ ದಿನ ಕೂಡ, ಒಂದು ಹಾಜರಿಯನ್ನೂ ನಾನು ಬಿಟ್ಟಿರಲಿಲ್ಲ.

ಅಂಥ ದಿನ ತಾವು ದಯಮಾಡಿಸಿದಿರಿ.

ವರ್ಷದ ದಿನವೆಂದು ಅಣ್ಣನಿಗೆ ಇಷ್ಟವಾದ, ಹಲಸಿನ ಎಲೆಯಲ್ಲಿ ಬೇಯಿಸುವ ಕೊಟ್ಟೆಕಡುಬು ಮಾಡಿ ಎಡೆ ಇಡಿಸಿದ್ದೆ. ಪಕ್ಕದ ಮನೆಯ ಚೌಡಮ್ಮಕ್ಕ ಬಾಳೆಎಲೆಯಲ್ಲಿ ಬಡಿಸಿ ಕಾಂಪೌಂಡಿನ ಮೇಲಿಟ್ಟು, ಕಾಗೆ ಬರಲೆಂದು ಕಾಯುತ್ತಿದ್ದಳು. ಕಾಗೆ ಯೋಚನೆ ಮಾಡುವಷ್ಟರಲ್ಲಿ ತಾವು ಹಲಸಿನ ಮರದಿಂದ ನನ್ನ ಆಂಟೆನಾ ತಂತಿಯ ಮೇಲೆ ಹಾರಿ, ಅದನ್ನು ಜೋಕಾಲಿ ಮಾಡಿಕೊಂಡು ಎಡೆಯ ಮೇಲೆ ಇಳಿದಿರಿ. ಅಣ್ಣ ತನ್ನ ಕೈಯಾರೆ ನೆಟ್ಟ ಬಿದಿರಿನ ಗಳ ಲಟಕ್ಕೆಂದು ಮುರಿದು, ತಂತಿಯೆಲ್ಲ ದಾಸವಾಳದ ಬೇಲಿಯ ಮೇಲೆ ಬಂದು ಬಿತ್ತು. 'ಅಯ್ಯಯ್ಯ, ಕಾಕೆಗೆ ಇಟ್ಟದ್ದನ್ನ ಇವ ಉಂಡ್ನಲ್ಲೇ ತಂಗೀ' ಎಂದು ಚೌಡಮ್ಮಕ್ಕ ಕೂಗಿಕೊಂಡಳು. ತಮ್ಮ ಕುಲದ ಹಿರಿಯರೊಬ್ಬರು ಸಮುದ್ರ ದಾಟಿ ಸುದ್ದಿ ಮುಟ್ಟಿಸಿ ಬಂದವರೆಂದು ಕೇಳಿದ್ದೇನೆ. ಅಂಥವರ ವಂಶದಲ್ಲಿ ಹುಟ್ಟಿ, ಸುದ್ದಿ ಹೋಗುವ ತಂತಿಯನ್ನೇ ಹರಿದ ಕೀರ್ತಿ ತಮಗೊಬ್ಬರಿಗೇ ಸಲ್ಲತಕ್ಕದ್ದು.

ಇಲ್ಲಿ ಒಂದು ವಿಷಯ ತಮಗೆ ತಿಳಿಸಬೇಕು. ಕೇಳುವುದಕ್ಕೆ ಹರಿದ ತಂತಿಯೂ ಸಾಕಾಗುತ್ತದೆ. ಹೇಳುವುದಕ್ಕೆ ಮಾತ್ರ ಪೂರ್ತಿ ತಂತಿ ಬೇಕು. ನಾನು ಗುಂಡಿ ಒತ್ತಿ ಹಾಜರಿ ಶುರುಮಾಡಿದರೆ, ಹೊರಟ ಶಕ್ತಿಯೆಲ್ಲ ಹಾಗೇ ತಿರುಗಿ ಬಂದಿದೆ ಎಂದು ಯಂತ್ರದ ಮುಳ್ಳು ತೋರಿಸಿತು. ಆಚೆಯವರ ದನಿ ಮಾತ್ರ ಸ್ವಚ್ಛ. ನಮ್ಮ ಅಧ್ಯಕ್ಷರು ಬನವಾಸಿ ಕಡೆಯ ದ್ಯಾಮಪ್ಪನವರು, ನಿವೃತ್ತ ಹೆಡ್‌ಮಾಸ್ತರರು. ಅವರು ನನ್ನನ್ನು ಕರೆದರು, ಇನ್ನೊಮ್ಮೆ ಕರೆದರು, ಆಮೇಲೆ ದನಿ ತಗ್ಗಿಸಿ 'ಇವತ್ತು ಮನೋಹರಂದು ವರ್ಷದ ದಿನ ಅಲ್ರಿ. ತಂಗಿಗೆ ದುಃಖ ಉಮ್ಮಳಿಸಿ ಬಂದೈತಿ, ಮಾತು ಹೊರಡವಲ್ದು' ಎಂದರು. ಹಗಲೂ ರಾತ್ರಿ ಆಂಟೆನಾ ಬಿಟ್ಟು ಬೇರೆ ಮಾತಾಡದ ಜನ ಅವರು. ಮಳೆ ಬಂದರೆ ಆಂಟೆನಾ ನೋಡು, ಹೆಂಡತಿ ಮುನಿಸಿಕೊಂಡರೂ ಆಂಟೆನಾ ನೋಡು ಎನ್ನುವವರು. ಅವತ್ತು ಒಬ್ಬರಿಗಾದರೂ ನನ್ನ ಆಂಟೆನಾ ಹರಿದಿರಬಹುದು ಎಂದು ಹೊಳೆಯಬೇಡವೇ? ಫೋನು ಮಾಡಿ ಹೇಳೋಣವೆಂದರೆ, ಹಾಜರಿಯ ಹೊತ್ತಿನಲ್ಲಿ ಮೊಬೈಲ್ ಬಂದ್ ಇಡಬೇಕೆಂಬುದು ಬಳಗದ ನೇಮ. ಆ ನೇಮವನ್ನು ಎಲ್ಲರೂ ಶ್ರದ್ಧೆಯಿಂದ ಪಾಲಿಸಿದ್ದರು.

ಆಮೇಲೆ ಸಮಾಧಾನ ಶುರುವಾಯಿತು. ಯಲ್ಲಾಪುರದಿಂದ, ಹಿನ್ನೆಲೆಯಲ್ಲಿ ಲಾರಿಗಳ ಹಾರನ್ನು ಕೇಳಿಸುತ್ತಿರುವಾಗಲೇ, ವಾಣಿಶ್ರೀ ಬಂದು 'ತನುಜಕ್ಕಾ, ಏನೂ ಹೇಳ್ಬೇಡ. ನೀ ಅಳ್ತಾ ಇರೋದು ನಂಗೆ ಇಲ್ಲಿವರೆಗೆ ಕೇಳ್ತಾ ಉಂಟು' ಎಂದಳು. ನಾನು ಅಳುತ್ತಿರಲಿಲ್ಲ, ಬೈಯುತ್ತಿದ್ದೆ. ಯಾರನ್ನೆಂದು ತಮಗೆ ಗೊತ್ತು. ಭೈರುಂಬೆಯ ಶಶಾಂಕ ಬಂದು 'ಮನೋಹರಣ್ಣ ರಿಪೇರಿ ಮಾಡಿದ ಫ್ಯಾನು ನಮ್ಮನೇಲಿ ಇವತ್ತಿಗೂ ತಿರಗ್ತು. ಉಲ್ಟಾ ತಿರಗ್ತು. ಆದ್ರೂ ಆನು ಬದಲು ಮಾಡಿದ್ನಿಲ್ಲೆ' ಎಂದ. ಒಬ್ಬೊಬ್ಬರಾಗಿ ಬಂದು ಅಣ್ಣನ ಸಂಗತಿಗಳನ್ನು ಹೇಳಿದರು. ನನಗೇ ಗೊತ್ತಿರದವೂ ಇದ್ದವು. ನಾನು ಪರೀಕ್ಷೆ ಪಾಸಾದ ದಿನ ಅವನು ಯಾರಿಗೂ ಮಾತಾಡಲು ಬಿಡದೆ ನನ್ನ ಕಾಲ್‌ಸೈನನ್ನೇ ಮತ್ತೆ ಮತ್ತೆ ಹೇಳುತ್ತಿದ್ದನಂತೆ. ನನ್ನ ತಂತಿ ಸರಿಯಿದ್ದಿದ್ದರೆ 'ಸಾಕು ಸಾಕು, ಮುಂದಿನವರು' ಎಂದು ನಾನೇ ತಡೆದುಬಿಡುತ್ತಿದ್ದೆ. ಅವತ್ತು ತಡೆಯಲಾಗಲಿಲ್ಲ, ಪೂರ್ತಿ ಕೇಳಬೇಕಾಯಿತು. ಇದರಲ್ಲಿ ತಮ್ಮ ಪಾತ್ರವೇನೆಂದು ನಾನು ಇನ್ನೂ ತೀರ್ಮಾನಿಸಿಲ್ಲ.

ಆದರೆ ಆಮೇಲಿನ ಮಾತು ಎದೆಗೆ ಚುಚ್ಚಿತು. 'ತಂಗಿಗೆ ಇನ್ನ ತ್ರಾಸ ಕೊಡೂದು ಬ್ಯಾಡ' ಎಂದರು ದ್ಯಾಮಪ್ಪನವರು. 'ಪಾಪ, ಮೊದಲ ಕೂತಲ್ಲೇ ಇರೂ ಜೀವ. ಕಡೀ ಹೆಸರು ನಾನ ಕರೀತೀನಿ. ಮುಂದಿನ ವಾರದಿಂದ ಹಾಜರಿ ವಾಣಿಶ್ರೀ ನೋಡ್ಕೊಳ್ಳಿ.' ಮಾನ್ಯರೇ, ಕೂತಲ್ಲೇ ಇರುವುದು ಈ ಕೆಲಸಕ್ಕೆ ಬೇಕಾದ ದೊಡ್ಡ ಅರ್ಹತೆ, ಅದು ನನ್ನಷ್ಟು ಯಾರಿಗಿದೆ? ಒಂದೇ ಪುಣ್ಯವೆಂದರೆ 'ಅದಕ್ಕೂ ಮೊದ್ಲ ನನ್ನವು ಎರಡು ಮಾತು' ಎಂದು ಅವರು ಶುರುಮಾಡಿದರು. ಹೆಡ್‌ಮಾಸ್ತರರ ಎರಡು ಮಾತು ಎಷ್ಟುದ್ದವೆಂದು ಬನವಾಸಿ ಕಡೆಯ ಮೂರು ತಲೆಮಾರಿನ ಮಕ್ಕಳಿಗೆ ಗೊತ್ತು.

ಆ ಎರಡು ಮಾತಿನೊಳಗೆ ನಾನು ಅಂಗಳಕ್ಕಿಳಿದೆ. ಇಷ್ಟು ದಿನ ತಂತಿಗೆ ಏನಾದರೂ ಆದರೆ ಮರ ಹತ್ತುವವರನ್ನು ಹುಡುಕಿ, ಅವರಿಗೆ ಬಿಡುವಾಗುವವರೆಗೆ ಕಾಯಬೇಕಿತ್ತು. ಅವತ್ತು ನೋಡಿದರೆ ತಂತಿಯೇ ನನ್ನ ಮಟ್ಟಕ್ಕೆ ಇಳಿದು ಬೇಲಿಯ ಮೇಲೆ ಕುಳಿತಿತ್ತು. ಬಗಲುಗೋಲಿನಿಂದ ಎಳೆದುಕೊಂಡೆ, ಹೊಲಿಗೆಯ ಕತ್ತರಿಯಿಂದ ತುದಿ ಕೆರೆದು ಹರಿದಲ್ಲಿ ಹೊಸೆದೆ. ನಾನು ಕೂತುಕೊಂಡೇ ಬಟ್ಟೆ ಹರವಲೆಂದು ಅಣ್ಣ ತಗ್ಗಾಗಿ ನೆಟ್ಟ ಎರಡು ಕಂಬಗಳಿದ್ದವು. ಅವುಗಳ ನಡುವೆ ಎಳೆದು, ಮಿಕ್ಕಿದ್ದನ್ನು ಬೇಲಿಯುದ್ದಕ್ಕೆ ಹಾಸಿ, ಬೇಲಿಗೆ ಕಟ್ಟಲೆಂದು ತುದಿಯನ್ನು ಚೌಡಮ್ಮಕ್ಕನ ಕೈಗೆ ಕೊಟ್ಟೆ. 'ಶಾಕ್ ಗೀಕ್ ಹೊಡೀತದನೇ?' ಎಂದಳು. ಕಟ್ಟಿ ದೂರ ನಿಂತರೆ ಹೊಡೆಯುವುದಿಲ್ಲ ಎಂದೆ. ಅವಳು ಗಂಟು ಹಾಕಿ ಗೇಟಿನಾಚೆಗೇ ಹೋಗಿ ನಿಂತಳು. ತಾವು ಕಾಂಪೌಂಡಿನ ಮೇಲೆ ಕುಳಿತು ಎರಡನೆಯ ಕಡುಬು ಬಿಚ್ಚುತ್ತ ಎಲ್ಲವನ್ನೂ ಪರಿಶೀಲಿಸುತ್ತಿದ್ದಿರಿ. ಒಂದು ಕೈ ಹಿಡಿಯಬೇಕೆಂದು ತಮಗೆ ಅನ್ನಿಸಲಿಲ್ಲ.

ಜಗಲಿಯ ಯಂತ್ರಕ್ಕೆ ಮರಳಿ ಗುಂಡಿ ಒತ್ತಿದೆ. ಮುಳ್ಳು ಸರಿಯಾಗಿ ನಿಂತಿತು. ಹೆಡ್‌ಮಾಸ್ತರರು ಉಸಿರು ತೆಗೆದುಕೊಳ್ಳಲು ಗುಂಡಿ ಬಿಟ್ಟ ಸಂದಿಯಲ್ಲಿ ನುಗ್ಗಿ, ಹಾಜರಿ ನನ್ನದು, ಅಳುತ್ತಿರಲಿಲ್ಲ, ತಂತಿ ಹರಿದಿತ್ತು ಎಂದೆ. ಯಲ್ಲಾಪುರದಲ್ಲಿ ವಾಣಿಶ್ರೀ ಬೆಚ್ಚಿಬಿದ್ದು 'ಅಕ್ಕಾ, ನಮ್ಮನೆ ಅಡುಗೆಮನೆಯಲ್ಲೇ ನಿಂತು ಮಾತಾಡಿದ ಹಾಗೆ ಕೇಳ್ತು' ಎಂದಳು. ಎತ್ತರದ ತಂತಿ ದನಿಯನ್ನು ದೂರ ದೇಶಕ್ಕೆ ಎಸೆಯುತ್ತದೆ, ತಗ್ಗಿನ ತಂತಿ ನೆಟ್ಟಗೆ ಮೇಲಕ್ಕೆ ಎಸೆದು ಸುತ್ತಮುತ್ತಲ ಊರುಗಳ ಮೇಲೆ ಸುರಿಯುತ್ತದೆ ಎಂದು ಶಶಾಂಕ ಆಮೇಲೆ ವಿವರಿಸಿದ. ಅಣ್ಣ ತಂತಿ ಏರಿಸಿದ್ದು ಸಿಂಗಪುರದವರನ್ನು ಹಿಡಿಯಲು. ನನಗೆ ಬೇಕಾದವರು ಯಲ್ಲಾಪುರದಲ್ಲೇ ಇದ್ದಾರೆ.

ಒಬ್ಬೊಬ್ಬರನ್ನೂ ಕರೆದೆ, ಎಲ್ಲರೂ ಓಗೊಟ್ಟರು. ಕೊನೆಗೆ ಅಣ್ಣನ ಕಾಲ್‌ಸೈನ್ ಕರೆದೆ.

ಕರೆದ ಮೇಲೆ ಗುಂಡಿ ಬಿಡಬೇಕು. ಬಿಟ್ಟರೆ ಗಾಳಿಯ ಸದ್ದು, ಆಮೇಲೆ ಮುಗಿಯಿತು. ನನಗೆ ಬಿಡಲಾಗಲಿಲ್ಲ. ನಾನು ಒತ್ತಿ ಹಿಡಿದಷ್ಟು ಹೊತ್ತು ಮೂರು ತಾಲೂಕಿನವರು ನನ್ನ ಜಗಲಿಯ ಸದ್ದನ್ನು ಕೇಳುತ್ತ ಕುಳಿತಿರಬೇಕಾಗಿತ್ತು. ಜಗಲಿಯಲ್ಲಿ ಏನೂ ಸದ್ದಿರಲಿಲ್ಲ. ಆಗ ತಾವು, ಅಣ್ಣನ ಎಡೆಯ ಕಡುಬನ್ನು ಕೈಯಲ್ಲಿ ಹಿಡಿದುಕೊಂಡೇ, ಕತ್ತೆತ್ತಿ, ಎದೆ ತುಂಬ 'ಹೂಪ್' ಎಂದಿರಿ.

ಬೆದರಿ ನನ್ನ ಕೈ ಗುಂಡಿ ಬಿಟ್ಟಿತು. ಸ್ವಲ್ಪ ಹೊತ್ತು ಸೊಂಯ್ ಎನ್ನುವ ಗಾಳಿ. ಆಮೇಲೆ ದ್ಯಾಮಪ್ಪನವರು, ತರಗತಿಯಲ್ಲಿ ಹೇಳುತ್ತಿದ್ದಷ್ಟೇ ಗಂಭೀರವಾಗಿ, 'ಮನೋಹರಂದು ಹಾಜರಿ ಬಂತ್ರಿ. ಬರ್ಕೋರಿ' ಎಂದರು. ಯಾರು ಮೊದಲು ನಕ್ಕರೋ ತಿಳಿಯದು. ಒಬ್ಬರಾದ ಮೇಲೊಬ್ಬರು ಗುಂಡಿ ಒತ್ತಿ ನಕ್ಕರು, ನಾನೂ ಒತ್ತಿ ನಕ್ಕೆ, ನಗುತ್ತ ನಗುತ್ತ ವಾಣಿಶ್ರೀ ಆಗಲೇ ಕೇಳಿಸುತ್ತಿದೆ ಎಂದಿದ್ದ ಅಳುವನ್ನೂ ಅತ್ತೆ. ಎಲ್ಲ ತಣ್ಣಗಾದ ಮೇಲೆ ನಾನು ಓವರ್ ಅಂದೆ.

ಆದ್ದರಿಂದ ತಮ್ಮ ಮೇಲಿನ ದೂರು ಇಷ್ಟು: ಪರವಾನಗಿಯಿಲ್ಲದೆ ಪ್ರಸಾರ ಮಾಡಿದ್ದು, ಅದೂ ಬೇರೆಯವರ ಕಾಲ್‌ಸೈನಿಗೆ ಓಗೊಟ್ಟಿದ್ದು. ಬೇರೆ ಯಾರಾದರೂ ಆಗಿದ್ದರೆ ಬಳಗದಿಂದಲೇ ಅರ್ಜಿ ಹೋಗುತ್ತಿತ್ತು. ತಾವು ಮುಂದಿನ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದು ನನ್ನ ಪ್ರಾರ್ಥನೆ. ಅಣ್ಣನ ಪುಸ್ತಕಗಳಿವೆ, ಕೊಡುತ್ತೇನೆ; ಪುಟ ತಿನ್ನಬಾರದು. ಪಾಸಾದರೆ ಶಿರಸಿಯ ಕೋಣೆಯಲ್ಲಿ ನಡೆಯುವ ವಾರ್ಷಿಕ ಸಭೆಗೆ ನನ್ನ ಪ್ರತಿನಿಧಿಯಾಗಿ ತಾವೇ ಹೋಗಿ, ಬರುವಾಗ ನನ್ನ ಚಹಾವನ್ನು ಚೆಲ್ಲದೆ ತರಬೇಕು. ಬಾಲ ನಾಲ್ಕು ಜನಕ್ಕಾಗುವಷ್ಟಿದೆ, ಬಕೆಟ್ಟಿಗಿಂತ ವಾಸಿ. ಹಾಜರಿ ಕರೆಯುವ ಕೆಲಸ ಮಾತ್ರ ನನ್ನಲ್ಲೇ ಉಳಿದಿದೆ, ಅದರ ಮೇಲೆ ಕಣ್ಣು ಹಾಕಬೇಡಿ.

ಈ ರವಿವಾರದಿಂದ ಅಣ್ಣನ ಹೆಸರು ಕರೆಯುವುದಿಲ್ಲ. ಹಾಗಾಗಿ ತಾವು ಆ ಹೊತ್ತಿಗೆ ಕಾಂಪೌಂಡಿನ ಮೇಲೆ ಬಂದು ಕೂರುವ ಅಗತ್ಯವೇನೂ ಇಲ್ಲ. ಬಂದರೆ, ಒಂದು ಕಡುಬು ಹೆಚ್ಚಿಗೆ ಇರುತ್ತದೆ.

ತಮ್ಮ ಎತ್ತರವನ್ನು ಕೆಳಗಿನಿಂದ ನೋಡುತ್ತ ಉಳಿದಿರುವ,
ತಮ್ಮ ವಿಶ್ವಾಸಿ,
ತನುಜಾ
ಸಿದ್ದಾಪುರ

ಮರೆತ ಮಾತು: ಬಿದಿರಿನ ಗಳ ಮತ್ತೆ ನೆಡಿಸಿಲ್ಲ. ನನ್ನ ತಂತಿ ಇನ್ನು ಮುಂದೆ ಬಟ್ಟೆಕಂಬದ ಎತ್ತರದಲ್ಲೇ, ನನ್ನ ಕೈಗೆಟುಕುವಷ್ಟರಲ್ಲೇ ಇರುತ್ತದೆ. ಅಲ್ಲಿಗೆ ನನ್ನ ಬಗಲುಗೋಲೂ ಚೆನ್ನಾಗಿ ಎಟುಕುತ್ತದೆ ಎಂಬುದನ್ನು ಜೋಕಾಲಿ ಆಡುವ ಮೊದಲು ತಾವು ದಯವಿಟ್ಟು ಗಮನಿಸತಕ್ಕದ್ದು.